ಕೂರುವ ಖರ್ಚು

ನಾನು ಮನಶ್ಶಾಸ್ತ್ರದ ಮೇಡಂ ಎಂದು ಗೊತ್ತಾದ ಕೂಡಲೇ ಮದುವೆಮನೆಗಳಲ್ಲಿ ಕೆಲವರು ಕುರ್ಚಿಯನ್ನು ಒಂದಿಷ್ಟು ಆಚೆಗೆ ಎಳೆದುಕೊಳ್ಳುತ್ತಾರೆ. ಧೈರ್ಯವಂತರು ಈಚೆಗೆ ಎಳೆದುಕೊಂಡು, "ಹಾಗಾದ್ರೆ ನನ್ನ ಮನಸ್ಸಲ್ಲಿ ಈಗ ಏನಿದೆ ಹೇಳಿ ನೋಡೋಣ" ಎನ್ನುತ್ತಾರೆ. ಮೊದಲ ಪಂಕ್ತಿ ಏಳುವುದನ್ನೇ ಕಾಯುತ್ತ ಬಾಗಿಲ ಕಡೆ ನೋಡುತ್ತಿರುವವರ ಮನಸ್ಸಿನಲ್ಲಿ ಏನಿದೆ ಎಂದು ಹೇಳುವುದಕ್ಕೆ ಪಿಎಚ್‌ಡಿ ಬೇಕಾಗಿಲ್ಲ. ನನ್ನದು ಆರೋಗ್ಯ ಮನಶ್ಶಾಸ್ತ್ರ ಎಂದು ಬಿಡಿಸಿ ಹೇಳಹೋದರೆ ಇನ್ನೊಂದು ತೊಡಕು: "ಓ, ತಲೆ ಕೆಟ್ಟವರಿಗೆ ಕೌನ್ಸೆಲಿಂಗ್ ಮಾಡೋದಾ?" ಅಲ್ಲ ಸ್ವಾಮಿ, ತಲೆ ನೆಟ್ಟಗಿರುವವರ ವಿಚಾರ. ಶುಗರ್ ಮಾತ್ರೆಯ ಚೀಟಿಯನ್ನು ಮೂರು ತಿಂಗಳಿಂದ ಜೇಬಿನಲ್ಲೇ ಮಡಿಸಿಟ್ಟುಕೊಂಡು, "ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಬಿಡಪ್ಪ" ಎನ್ನುವ ನಿಮ್ಮ ಭಾವನವರ ವಿಚಾರ. ಇಷ್ಟನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಭಾವನವರು ಸಾಮಾನ್ಯವಾಗಿ ಪಕ್ಕದ ಎಲೆಯಲ್ಲೇ ಇರುತ್ತಾರೆ.

ನಮ್ಮ ಶಾಸ್ತ್ರದ ಬುಡದಲ್ಲೂ ಇಂಥ ಭಾವಂದಿರೇ ಇದ್ದಾರೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯವರು ಕ್ಷಯ ಪತ್ತೆಮಾಡಲೆಂದು ಎಕ್ಸ್‌ರೇ ಯಂತ್ರಗಳನ್ನು ವ್ಯಾನಿಗೆ ಏರಿಸಿ ಜನರ ಮನೆಯ ಹತ್ತಿರಕ್ಕೇ ತಂದು ನಿಲ್ಲಿಸಿದರು. ಕಾಸು ಕೇಳಲಿಲ್ಲ, ಸೂಜಿ ಚುಚ್ಚಲಿಲ್ಲ. ಆದರೂ ಬರಬೇಕಾದಷ್ಟು ಜನ ಬರಲಿಲ್ಲ. 1950ರ ದಶಕದಲ್ಲಿ ಆ ಇಲಾಖೆಯಲ್ಲಿದ್ದ ಗಾಡ್‌ಫ್ರೀ ಹೋಖ್‌ಬಾಮ್ ಎಂಬ ಮನಶ್ಶಾಸ್ತ್ರಜ್ಞರು ಯಾಕೆಂದು ಜನರನ್ನೇ ಕೇಳಿದರು. ಹೊರಗೆ ಏನೂ ಕಾಣದಿದ್ದರೂ ನನಗೆ ಕ್ಷಯ ಇರಬಹುದು, ಬೇಗ ಗೊತ್ತಾದರೆ ಒಳ್ಳೆಯದು ಎಂದು ಎರಡನ್ನೂ ನಂಬಿದ್ದವರಲ್ಲಿ ನೂರಕ್ಕೆ 82 ಮಂದಿ ತಾವಾಗಿಯೇ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡನ್ನೂ ನಂಬದಿದ್ದವರಲ್ಲಿ 21 ಮಂದಿ. ಆ ವರದಿ ಅಚ್ಚಾದದ್ದು 1958ರಲ್ಲಿ. ಇವತ್ತಿಗೂ ನಮ್ಮ ಮಕ್ಕಳು ಎಂ.ಎಸ್‌ಸಿ. ಪರೀಕ್ಷೆಯಲ್ಲಿ ಹೆಲ್ತ್ ಬಿಲೀಫ್ ಮಾಡೆಲ್ ಎಂದು ಡಬ್ಬಿ ಡಬ್ಬಿ ಎಳೆದು, ಬಾಣ ಹಾಕಿ ಬರೆಯುವುದು ಅಲ್ಲಿಂದ ಬೆಳೆದದ್ದನ್ನೇ. ಅಮೆರಿಕದ ಮನಶ್ಶಾಸ್ತ್ರ ಸಂಘ ಆರೋಗ್ಯ ಮನಶ್ಶಾಸ್ತ್ರಕ್ಕೆಂದು 38ನೆಯ ವಿಭಾಗ ತೆರೆದದ್ದು 1978ರಲ್ಲಿ, ಇಷ್ಟೆಲ್ಲ ಆಗಿ ಎರಡು ದಶಕಗಳ ಮೇಲೆ. ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಅಂಕಿಗಳಲ್ಲ. ವ್ಯಾನಿಗೆ ದುಡ್ಡು ಕೊಟ್ಟ ಸರ್ಕಾರ, ಯಾಕೆ ಬರಲಿಲ್ಲ ಎಂದು ಕೇಳಿಕೊಂಡು ಬರುವವರಿಗೂ ಸಂಬಳ ಕೊಟ್ಟಿತ್ತಲ್ಲ, ಅದು.

ನನ್ನ ಹತ್ತಿರ ಪಿಎಚ್‌ಡಿಗೆ ಬಂದ ಮಂಡ್ಯ ಕಡೆಯ ಹುಡುಗಿಯ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಸಾಲಿನಲ್ಲಿ ನಿಂತು ಇಸಿದುಕೊಂಡು ಹೋದವರು ನುಂಗುವುದನ್ನು ಯಾಕೆ ಬಿಡುತ್ತಾರೆ? ಅವಳ ಅಜ್ಜಿ ತೀರಿಕೊಂಡ ಮೇಲೆ ಅಕ್ಕಿ ಡಬ್ಬದಿಂದ ಮಾತ್ರೆಯ ಪಟ್ಟಿಗಳು ರಾಶಿ ರಾಶಿ ಸಿಕ್ಕಿದವಂತೆ. "ಜಾಸ್ತಿ ಆದಾಗ ಬೇಕಾಯ್ತದೆ" ಎಂದು ಅಜ್ಜಿ ಕೂಡಿಟ್ಟಿದ್ದರು. ಮಂಡ್ಯ ಸಕ್ಕರೆಯ ನಾಡಾದ್ದರಿಂದ, ಸಿನಾಪ್ಸಿಸ್ ನೋಡಿದ ಪ್ರತಿಯೊಬ್ಬ ಪ್ರೊಫೆಸರೂ ಅಲ್ಲೇ ಸಕ್ಕರೆ ಕಾಯಿಲೆಯ ಅಧ್ಯಯನವೇ ಎಂದು ಒಂದು ಚಟಾಕಿ ಹಾರಿಸಿದರು. ಇದನ್ನು ತಾವೇ ಮೊದಲು ಹೇಳುತ್ತಿದ್ದೇವೆ ಎಂಬ ಸಂತೋಷ ಒಬ್ಬೊಬ್ಬರ ಮುಖದಲ್ಲೂ ಇತ್ತು. ಹುಡುಗಿ ಒಬ್ಬೊಬ್ಬರಿಗೂ ಹೊಸದಾಗಿ ನಕ್ಕಳು. ಆಗಲೇ ನನಗನ್ನಿಸಿತು, ಇವಳು ಫೀಲ್ಡಿನಲ್ಲಿ ನಿಲ್ಲುತ್ತಾಳೆ ಎಂದು.

ನಿಲ್ಲಲು ಕಾಸು ಬೇಕಲ್ಲ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಫೆಲೋಶಿಪ್ ಸಿಕ್ಕವರು ಪುಣ್ಯವಂತರು; 2023ರ ಜನವರಿಯಿಂದ ಅವರಿಗೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದರೆ 42,000. ಅದು ಹೊಟ್ಟೆಬಟ್ಟೆಗೆ. ಸಂಶೋಧನೆಯ ಸಾಮಾನು ಸರಂಜಾಮಿಗೆ ಕಂಟಿಂಜೆನ್ಸಿ ಎಂದು ಬೇರೆ ಇದೆ: ಸಮಾಜವಿಜ್ಞಾನದವರಿಗೆ ಮೊದಲೆರಡು ವರ್ಷ ವರ್ಷಕ್ಕೆ 10,000, ಆಮೇಲೆ 20,500. ತಿಂಗಳಿಗೆ ಎಂಟುನೂರ ಚಿಲ್ಲರೆ ರೂಪಾಯಿಯಲ್ಲಿ ಜೆರಾಕ್ಸ್ ಮಾಡಿಸಿ, ಬಸ್ಸು ಹತ್ತಿ, ಮನುಷ್ಯನ ವರ್ತನೆಯ ಮೂಲ ಹುಡುಕಬೇಕು. ಫೆಲೋಶಿಪ್ಪಿನ ಹಣವೂ ಪ್ರತಿ ತಿಂಗಳು ತಾನಾಗಿ ಬರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ 'ಮೇಕರ್' ಎಂಬ ಒಬ್ಬರು ಕಂಪ್ಯೂಟರಿನಲ್ಲಿ ಈ ವಿದ್ಯಾರ್ಥಿ ಇದ್ದಾನೆ ಎಂದು ನಮೂದಿಸಬೇಕು, 'ಚೆಕರ್' ಎಂಬ ಇನ್ನೊಬ್ಬರು ಹೌದು, ಇದ್ದಾನೆ ಎನ್ನಬೇಕು. ಮೇಕರ್ ಮಗಳ ಮದುವೆಗೆ ರಜೆ ಹಾಕಿದ ತಿಂಗಳು ಲೆಕ್ಕದ ಪ್ರಕಾರ ವಿದ್ಯಾರ್ಥಿ ಇರುವುದಿಲ್ಲ. ನಮ್ಮ ಹುಡುಗಿಗೆ ನೆಟ್ ಆಗಿತ್ತು, ಜೆಆರ್‌ಎಫ್ ಕೂದಲೆಳೆಯಲ್ಲಿ ತಪ್ಪಿತ್ತು. ಹೀಗಾಗಿ ಅವಳು ಅರ್ಜಿ ಬರೆಯುವವಳಾದಳು, ನಾನು ಅರ್ಜಿ ತಿದ್ದುವವಳಾದೆ.

ಆರೋಗ್ಯ ಮನಶ್ಶಾಸ್ತ್ರದ ಅರ್ಜಿಗೆ ಹುಟ್ಟಿನಿಂದಲೇ ಒಂದು ಊನ. ಹೆಸರಿನಲ್ಲಿ ಆರೋಗ್ಯ ಇದೆ, ಆದರೆ ಬರೆದವರ ಕೊರಳಲ್ಲಿ ಸ್ಟೆತಸ್ಕೋಪ್ ಇಲ್ಲ. ಸಮಾಜವಿಜ್ಞಾನದವರ ಮುಂದಿಟ್ಟರೆ, ರಕ್ತ ಪರೀಕ್ಷೆ ಎಲ್ಲ ಇದೆಯಲ್ಲ, ಇದು ಡಾಕ್ಟರರ ಕಡೆಗೆ ಹೋಗಬೇಕು ಎನ್ನುತ್ತಾರೆ. ಡಾಕ್ಟರರ ಮುಂದಿಟ್ಟರೆ, ಬರೀ ಮಾತುಕತೆ ಇದೆಯಲ್ಲ, ಇದು ಸಮಾಜವಿಜ್ಞಾನ ಎನ್ನುತ್ತಾರೆ. ತವರಿನಲ್ಲಿ ಅತ್ತೆಮನೆಯವಳು, ಅತ್ತೆಮನೆಯಲ್ಲಿ ತವರಿನವಳು. ಒಬ್ಬ ಪರಿಶೀಲಕರಂತೂ ಷರಾದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದರು: "ರೋಗಿಗಳು ಮಾತ್ರೆ ನುಂಗದಿದ್ದರೆ ನುಂಗುವಂತೆ ಹೇಳಬಾರದೇಕೆ?" ಹುಡುಗಿ ಅದನ್ನು ಓದಿ ಬಹಳ ಹೊತ್ತು ಸುಮ್ಮನಿದ್ದು, "ಮೇಡಂ, ಇವರಿಗೂ ಶುಗರ್ ಇರಬಹುದಾ?" ಎಂದಳು.

ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಕೈಕೆಳಗೆ ಕಲಿತು ಬಂದವರು. ಸ್ಪಿಯರ್‌ಮನ್ ಯಾರೆಂದು ನಮ್ಮ ಮಕ್ಕಳಿಗೆ ಗೊತ್ತಿಲ್ಲದಿದ್ದರೂ ಅಂಕಿಅಂಶದ ಲೆಕ್ಕ ಹಾಕುವ ಸಾಫ್ಟ್‌ವೇರಾದ ಎಸ್‌ಪಿಎಸ್‌ಎಸ್‌ನಲ್ಲಿ ಆ ಹೆಸರಿನ ಮುಂದೆ ದಿನಾ ಟಿಕ್ ಹಾಕುತ್ತಾರೆ. 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು ಈ ಗೋಪಾಲಸ್ವಾಮಿಯವರಿಂದ. ಅವರು ಅಷ್ಟಕ್ಕೇ ಸುಮ್ಮನಿರಲಿಲ್ಲ. 1935ರಲ್ಲಿ ತಮ್ಮ ಮನೆಯಲ್ಲೇ ಸ್ವಂತ ದುಡ್ಡಿನಲ್ಲಿ ಒಂದು ರೇಡಿಯೋ ಕೇಂದ್ರ ನಡೆಸತೊಡಗಿದರು. ಅದೇ ಆಕಾಶವಾಣಿ. ಆ ಹೆಸರು ಸೂಚಿಸಿದವರು ನಗೆಬರಹದ ನಾ. ಕಸ್ತೂರಿ ಎನ್ನುತ್ತಾರೆ. ಈಗಿನ ಕಾಲದಲ್ಲಾಗಿದ್ದರೆ ಗೋಪಾಲಸ್ವಾಮಿಯವರು ಮೊದಲು ಪ್ರೊಪೋಸಲ್ ಬರೆಯಬೇಕಿತ್ತು. ಮನಶ್ಶಾಸ್ತ್ರದ ಪ್ರಾಧ್ಯಾಪಕರಿಗೆ ಟ್ರಾನ್ಸ್‌ಮಿಟರ್ ಯಾಕೆ, ಮೂರು ಕೊಟೇಶನ್ ಎಲ್ಲಿ, ಕೇಳುಗರ ಸ್ಯಾಂಪಲ್ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವುದರಲ್ಲಿ ಅವರು ನಿವೃತ್ತರಾಗುತ್ತಿದ್ದರು. ಹಾಗೆಂದು ಪ್ರಾಧ್ಯಾಪಕರೆಲ್ಲ ಕೈಯಿಂದ ಹಾಕಿ ಸಂಶೋಧನೆ ಮಾಡಲಿ ಎಂದು ನಾನು ಹೇಳುತ್ತಿಲ್ಲ. ನನ್ನ ಮನೆಯವರು ಈ ಲೇಖನ ಓದುತ್ತಾರೆ.

ಸ್ಯಾಂಪಲ್ ಎಂದೆನಲ್ಲ, ಅದೊಂದು ಪುರಾಣವೇ ಇದೆ. ಎಷ್ಟು ಜನರನ್ನು ಮಾತಾಡಿಸುತ್ತೀರಿ ಎಂದು ಅರ್ಜಿಯಲ್ಲಿ ಕೇಳುತ್ತಾರೆ. ಸಿಕ್ಕಷ್ಟು ಎಂದು ಬರೆಯುವ ಹಾಗಿಲ್ಲ. ಅದಕ್ಕೊಂದು ಲೆಕ್ಕ ಇದೆ. ಹುಡುಗಿ ಎರಡು ಗುಂಪು ಮಾಡಿಕೊಂಡಿದ್ದಳು: ಒಂದಕ್ಕೆ ಆಸ್ಪತ್ರೆಯಲ್ಲಿ ಎಂದಿನಂತೆ ಮಾತ್ರೆ, ಇನ್ನೊಂದಕ್ಕೆ ಮಾತ್ರೆಯ ಜೊತೆಗೆ ಹದಿನೈದು ದಿನಕ್ಕೊಮ್ಮೆ ಕೂತು ಒಂದಿಷ್ಟು ಮಾತು. ಎರಡರ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ ಇದ್ದೀತು ಎಂದಿಟ್ಟುಕೊಂಡು, ಅದು ಇದ್ದರೆ ನೂರಕ್ಕೆ ಎಂಬತ್ತರಷ್ಟು ಸಲ ಕೈಗೆ ಸಿಗಬೇಕು ಎಂದರೆ ಗುಂಪಿಗೆ 64, ಒಟ್ಟು 128 ಮಂದಿ ಬೇಕು. ನಡುವೆ ಐದರಲ್ಲಿ ಒಬ್ಬರು ಬಿಟ್ಟುಹೋಗುತ್ತಾರೆ ಎಂದು ಹಿಡಿದರೆ 160. ಇಲ್ಲಿ ಒಂದು ಸ್ವಾರಸ್ಯ ಗಮನಿಸಬೇಕು: ವ್ಯತ್ಯಾಸ ಎಷ್ಟಿದೆ ಎಂದು ತಿಳಿಯಲು ಅಧ್ಯಯನ, ಅಧ್ಯಯನಕ್ಕೆ ಎಷ್ಟು ಜನ ಎಂದು ತಿಳಿಯಲು ವ್ಯತ್ಯಾಸ ಎಷ್ಟಿದೆ ಎಂದು ಮೊದಲೇ ಗೊತ್ತಿರಬೇಕು. ಯಾಕೆ ಮಧ್ಯಮ ಎಂದರೆ, ಜೇಕಬ್ ಕೋಹೆನ್ ಸಣ್ಣದು 0.2, ಮಧ್ಯಮ 0.5, ದೊಡ್ಡದು 0.8 ಎಂದು ಗುರುತು ಹಾಕಿಕೊಟ್ಟು ಹೋಗಿದ್ದಾರೆ. ಸಣ್ಣದು ಎಂದು ಹಿಡಿದರೆ ಒಟ್ಟು ಜನ ಎಂಟುನೂರರ ಹತ್ತಿರ ಹೋಗುತ್ತಾರೆ, ದೊಡ್ಡದು ಎಂದರೆ ಪರಿಶೀಲಕರು ನಗುತ್ತಾರೆ. ಮಧ್ಯಮ ಮಾರ್ಗ ಹಿಡಿಯುವುದಕ್ಕೆ ನಮಗೆ ಬುದ್ಧನಿಗಿಂತ ಬಜೆಟ್ಟೇ ಹೆಚ್ಚು ಪ್ರೇರಣೆ.

ಕಷ್ಟ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ನನ್ನ ನಾದಿನಿಯ ಮಗಳು ಅಮೆರಿಕದಲ್ಲೇ ಹುಟ್ಟಿ ಬೆಳೆದವಳು, ಅಲ್ಲಿ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಅವಳು ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ನ ಎಫ್-31 ಎಂಬ ಫೆಲೋಶಿಪ್ಪಿಗೆ ಅರ್ಜಿ ಹಾಕಿದಳು. ಅಲ್ಲಿ ಉದ್ದೇಶವನ್ನೆಲ್ಲ ಒಂದೇ ಪುಟದಲ್ಲಿ ಹೇಳಿ ಮುಗಿಸಬೇಕು, ಸಂಶೋಧನೆಯ ವಿವರ ಆರು ಪುಟ ಮೀರಬಾರದು. ನಮ್ಮಲ್ಲಿ ದಪ್ಪ ನೋಡಿ ಮರ್ಯಾದೆ ಕೊಡುವ ಅಭ್ಯಾಸ ಇರುವುದರಿಂದ ನನಗೆ ಇದು ಬಹಳ ಹಿಡಿಸಿತು. ಆದರೆ ಅವರ ಅಂಕ ಕೊಡುವ ಕ್ರಮ ವಿಚಿತ್ರ. 10ರಿಂದ 90ರವರೆಗೆ ಅಂಕ. ಕಡಿಮೆ ಬಂದಷ್ಟೂ ಒಳ್ಳೆಯದು. ಅವಳು ಖುಷಿಯಿಂದ ಜಯನಗರದ ಅಜ್ಜಿಗೆ ಫೋನು ಮಾಡಿ, "ಅಜ್ಜಿ, ಟ್ವೆಂಟಿ ಟೂ ಬಂತು!" ಎಂದಳಂತೆ. ಅಜ್ಜಿ ಒಂದು ಕ್ಷಣ ತಡೆದು, "ಹೋಗ್ಲಿ ಬಿಡು ಪುಟ್ಟಿ, ಆರೋಗ್ಯ ಮುಖ್ಯ" ಎಂದರಂತೆ. ಅಂಕದ ಮರ್ಮ ತಿಳಿದ ಮೇಲೂ ಅವರು ನೆಂಟರಿಷ್ಟರ ಹತ್ತಿರ ಬರೀ "ಪಾಸಾಗಿದ್ದಾಳೆ" ಎಂದಷ್ಟೇ ಹೇಳುತ್ತಿದ್ದಾರೆ.

ಮತ್ತೆ ಮಂಡ್ಯದ ಬಜೆಟ್ಟಿಗೆ ಬರೋಣ. ಅರ್ಜಿಯಲ್ಲಿ ಕಾಲಂಗಳು: ಉಪಕರಣ, ಬಳಸಿ ಮುಗಿಯುವ ವಸ್ತು, ಪ್ರಯಾಣ, ಮುದ್ರಣ, ಇತರೆ. ಹುಡುಗಿ ರಕ್ತಪರೀಕ್ಷೆಗೆ ಒಂದಿಷ್ಟು ಬರೆದಳು. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಅದು. ಪರೀಕ್ಷೆಯ ಹಿಂದಿನ ರಾತ್ರಿ ಮುದ್ದೆ ಬಿಟ್ಟು ಮಜ್ಜಿಗೆ ಕುಡಿದು ಮಲಗುವ ಚತುರರ ಆಟ ಅದರ ಮುಂದೆ ನಡೆಯುವುದಿಲ್ಲ. ಯುಗಾದಿಯ ಹೋಳಿಗೆ ವೈಶಾಖದಲ್ಲೂ ಸಾಕ್ಷಿ ಹೇಳುತ್ತದೆ. ಈ ಬಾಬ್ತನ್ನು ಯಾರೂ ಪ್ರಶ್ನಿಸಲಿಲ್ಲ. ಯಂತ್ರಕ್ಕೆ, ಟ್ಯೂಬಿಗೆ, ಲ್ಯಾಬಿಗೆ ಕೊಡುವ ದುಡ್ಡಿನ ಬಗ್ಗೆ ಎಲ್ಲರಿಗೂ ಗೌರವ. ತಕರಾರು ಎದ್ದದ್ದು ಪ್ರಯಾಣದಲ್ಲಿ. ಹದಿನೈದು ದಿನಕ್ಕೊಮ್ಮೆ ಮಾತಿಗೆ ಬರುವವರಿಗೆ ಬಸ್ ಚಾರ್ಜು ಎಂದು ಬರೆದಿದ್ದಳು. ಇಲಾಖೆಯ ಸಭೆಯಲ್ಲಿ ಒಬ್ಬರು ಕನ್ನಡಕ ಮೇಲೆತ್ತಿ ಕೇಳಿದರು: "ಏನಮ್ಮ, ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ?" ನಿಜವೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ಸರಿ, ಗಂಡಸರಿಗೆ ಮಾತ್ರ ಎಂದು ತಿದ್ದಿದಳು. ಮುಂದಿನ ಸಭೆಯಲ್ಲಿ ಇನ್ನೊಬ್ಬರು ಕೇಳಿದರು: "ಗಂಡಸರಿಗೆ ಮಾತ್ರ ದುಡ್ಡು ಕೊಡುವುದು ತಾರತಮ್ಯ ಆಗುವುದಿಲ್ಲವೇ?" ಕೊನೆಗೆ 'ಅನ್ವಯಿಸುವಲ್ಲಿ' ಎಂದು ಸೇರಿಸಿ ಪಾರಾದೆವು. ಈ ಒಂದು ಪದದ ಮೇಲೆ ನಮ್ಮ ಇಡೀ ವಿಶ್ವವಿದ್ಯಾಲಯ ನಿಂತಿದೆ ಎಂದರೂ ತಪ್ಪಲ್ಲ.

ಎಥಿಕ್ಸ್ ಕಮಿಟಿಯ ಬಗ್ಗೆ ಹಗುರವಾಗಿ ಮಾತಾಡಲು ನನಗೆ ಮನಸ್ಸಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಅದರಲ್ಲಿ ಏಳರಿಂದ ಹದಿನೈದು ಮಂದಿ ಇರಬೇಕು. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಡಾಕ್ಟರರ ಜೊತೆಗೆ ಕಾನೂನು ಬಲ್ಲವರು, ಸಮಾಜವಿಜ್ಞಾನಿ, ಯಾವ ಶಾಸ್ತ್ರವೂ ಇಲ್ಲದ ಒಬ್ಬ ಸಾಮಾನ್ಯ ಮನುಷ್ಯ ಇರಬೇಕು. ನಾನು ನೋಡಿದ ಮಟ್ಟಿಗೆ ಒಳ್ಳೆಯ ಪ್ರಶ್ನೆ ಕೇಳುವವರು ಆ ಸಾಮಾನ್ಯ ಮನುಷ್ಯರೇ. ಭಾಗವಹಿಸುವವರಿಗೆ ಖರ್ಚು ಕೊಡಬಹುದು, ಆಸೆ ತೋರಿಸಬಾರದು ಎಂಬುದು ನಿಯಮ. ಬಜೆಟ್ಟಿನಲ್ಲಿದ್ದ 'ಚಹಾ, ಬಿಸ್ಕತ್ತು' ಆಸೆಯೋ ಉಪಚಾರವೋ ಎಂದು ದೊಡ್ಡವರೆಲ್ಲ ಚರ್ಚಿಸುತ್ತಿರುವಾಗ, ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ನಿವೃತ್ತ ಮೇಷ್ಟ್ರು ಕೇಳಿದರು: "ಅಲ್ಲಮ್ಮ, ಶುಗರ್‌ನೋರಿಗೆ ಬಿಸ್ಕತ್ತು ಕೊಡ್ತೀಯಾ?" ಬಿಸ್ಕತ್ತು ಹೋಗಿ ಹುರಿಗಡಲೆ ಬಂತು. ಚಹಾಕ್ಕೆ 'ಸಕ್ಕರೆರಹಿತ' ಎಂಬ ವಿಶೇಷಣ ಸೇರಿತು. ಆ ಮೇಲೆ ದೇಶದ ಪ್ರಯೋಗಗಳೆಲ್ಲ ದಾಖಲಾಗುವ ಸಿಟಿಆರ್‌ಐ ಎಂಬ ನೋಂದಣಿಯಲ್ಲೂ ಹೆಸರು ಬರೆಸಿದ್ದಾಯಿತು. ಸಣ್ಣದೊಂದು ಅನುದಾನವೂ ಬಂತು. ಕೇಳಿದ್ದಕ್ಕಿಂತ ಕಡಿಮೆ, ಹೆದರಿದ್ದಕ್ಕಿಂತ ಹೆಚ್ಚು.

ಇನ್ನು ಓಪಿಡಿಯ ಬೆಂಚು. ನಾನು ಹೇಳಬೇಕೆಂದಿದ್ದದ್ದೇ ಇದು. ದಾರಿಯಲ್ಲಿ ನೆಂಟರು ಸಿಕ್ಕರು. ಅರ್ಜಿಯಲ್ಲಿ ನಾವು ಒಬ್ಬೊಬ್ಬರಿಗೆ ನಲವತ್ತು ನಿಮಿಷ ಎಂದು ಬರೆದಿದ್ದೆವು. ಒಂದು ದಿನ ಹೋಗಿ ಪಕ್ಕದ ಬೆಂಚಿನಲ್ಲಿ ಕೂತು ನೋಡಿದೆ. ಹುಡುಗಿ ಒಬ್ಬ ಯಜಮಾನರ ಪಕ್ಕ ಕೂತಳು. ಯಾವೂರು, ಯಾರ ಪೈಕಿ, ಮಳೆ ಹೇಗೆ, ಕಬ್ಬಿಗೆ ಕಟಾವಿನ ಪರ್ಮಿಟ್ಟು ಸಿಕ್ಕಿತೇ ಎಂಬಲ್ಲಿಗೇ ಹದಿನೈದು ನಿಮಿಷ. ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಎಂದ ಕೂಡಲೇ ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಹೆಬ್ಬೆಟ್ ಒತ್ತೇ ಕಣವ್ವ ನಮ್ಮಪ್ಪ ಎಲ್ಡೆಕ್ರೆ ಕಳ್ಕಂಡಿದ್ದು." ನಿಯಮದ ಪ್ರಕಾರ ಓದುಬರಹ ಬಲ್ಲ ಸಾಕ್ಷಿಯೊಬ್ಬರು ಬೇಕು, ಸಾಕ್ಷಿಯ ಮಾತೆತ್ತಿದ ಮೇಲಂತೂ ಇದು ಜಮೀನಿನ ವ್ಯವಹಾರವೇ ಎಂದು ಅವರಿಗೆ ಖಾತ್ರಿಯಾಯಿತು. ಅವಳು ಒತ್ತಾಯ ಮಾಡಲಿಲ್ಲ, ಕಾಗದ ಮಡಿಸಿ ಬ್ಯಾಗಿಗೆ ಹಾಕಿದಳು. ಸುಮ್ಮನೆ ಕೂತಳು. ಅವರ ಟೋಕನ್ ಬಂತು, ಒಳಗೆ ಹೋಗಿ ಬಂದರು, ಮತ್ತೆ ಅವಳ ಪಕ್ಕವೇ ಬಂದು ಕೂತರು. "ಕೊಡವ್ವ ಅದೇನೋ ಕಾಗ್ದಾನ" ಎಂದರು.

ಪ್ರಶ್ನಾವಳಿ ಶುರುವಾದ ಮೇಲೆ ಬೇರೆ ಬಗೆಯ ತೊಂದರೆ. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ ಎಂಬ ಐದು ಮೆಟ್ಟಿಲು ನಮ್ಮದು; 1932ರಲ್ಲಿ ರೆನ್ಸಿಸ್ ಲೈಕರ್ಟ್ ಕಟ್ಟಿಕೊಟ್ಟದ್ದು. ಒಬ್ಬ ಅಜ್ಜಿ ಐದನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, "ನಿಂಗೆ ಯಾವ್ದು ಒಳ್ಳೇದಾಯ್ತದೋ ಅದ್ನೇ ಬರ್ಕೊ ಮಗಾ, ನಾನ್ ಯಾಕ್ ಅಡ್ಡ ಬರ್ಲಿ" ಎಂದರು. ಮಾತ್ರೆ ತಪ್ಪಿಸುತ್ತೀರಾ ಎಂಬ ಪ್ರಶ್ನೆಗೆ ಎಲ್ಲರೂ ಮೊದಲು ಇಲ್ಲ ಎನ್ನುತ್ತಾರೆ. ಹುರಿಗಡಲೆ ಮುಗಿಯುವ ಹೊತ್ತಿಗೆ, ಊರಿಗೆ ಹೋದಾಗ ಮರೆಯುತ್ತದೆ ಎನ್ನುತ್ತಾರೆ. ಇನ್ನೂ ಕೂತಿದ್ದರೆ, ಪಿತೃಪಕ್ಷದಲ್ಲಿ ಬಿಟ್ಟಿದ್ದೆ, ಸೊಸೆ ಜೊತೆ ಜಗಳವಾಡಿ ಬಿಟ್ಟಿದ್ದೆ, ಕಾಲು ಉರಿ ನಿಂತಿತಲ್ಲ ಎಂದು ಬಿಟ್ಟೆ, ಗಂಡ ಹೋದ ಮೇಲೆ ಯಾಕೆ ಎಂದು ಬಿಟ್ಟೆ ಎಂದು ಒಂದೊಂದಾಗಿ ಬರುತ್ತವೆ. ಎಲ್ಲವೂ ನಲವತ್ತನೆಯ ನಿಮಿಷ ದಾಟಿದ ಮೇಲೆ ಬರುವ ಮಾತುಗಳು. ಆರೋಗ್ಯ ಮನಶ್ಶಾಸ್ತ್ರದ ಮುಖ್ಯ ಉಪಕರಣ ಯಾವುದು ಎಂದು ನನ್ನನ್ನು ಕೇಳಿದರೆ ಪಕ್ಕದಲ್ಲಿ ಕೂರುವುದು ಎನ್ನುತ್ತೇನೆ. ಅದಕ್ಕೆ ಕಾಲಂ ಇಲ್ಲ. ಕೊಡುವವರು ಜಿಪುಣರು ಎಂದಲ್ಲ. ಸುಮ್ಮನೆ ಕೂತಿದ್ದಕ್ಕೆ ದುಡ್ಡು ಕೊಡುವುದು ಹೇಗೆ ಎಂಬ ಅನುಮಾನ. ಕೂತಿದ್ದಕ್ಕೆ ಬಿಲ್ಲು ಬರುವುದಿಲ್ಲ, ಜಿಎಸ್‌ಟಿ ನಂಬರು ಇರುವುದಿಲ್ಲ. ಹಾಗಾಗಿ ನಮ್ಮ ಹುಡುಗರು ಅದನ್ನು 'ಕ್ಷೇತ್ರಕಾರ್ಯ' ಎಂದೋ 'ದತ್ತಾಂಶ ಸಂಗ್ರಹ' ಎಂದೋ ವೇಷ ಹಾಕಿಸಿ ಒಳಗೆ ಬಿಡುತ್ತಾರೆ. ನಾನೂ ಹಾಗೇ ಬರೆಯಿರಿ ಎನ್ನುತ್ತೇನೆ.

ಬೆಂಚಿನಲ್ಲಿ ಕೂತವಳಿಗೆ ಇನ್ನೊಂದೂ ಕಂಡಿತು. ಹಾಳೆ ಕೈಗೆ ಕೊಟ್ಟರೆ ಮೂವರಲ್ಲಿ ಒಬ್ಬರಾದರೂ, "ಕನ್ನಡ್ಕ ಮನೇಲೇ ಬುಟ್ಬಂದೆ ಕಣವ್ವ, ನೀನೇ ಓದ್ಬುಡು" ಎನ್ನುತ್ತಿದ್ದರು. ಕೆಲವರು ನಿಜವಾಗಿಯೂ ಬಿಟ್ಟು ಬಂದವರು. ಕೆಲವರು ಓದು ಬಾರದವರು, ಅದನ್ನು ಹೇಳಿಕೊಳ್ಳಲು ಸಂಕೋಚ. ಹುಡುಗಿ ಸಂತೆಬೀದಿಯಲ್ಲಿ ಒಂದೂವರೆ, ಎರಡು, ಎರಡೂವರೆ ಪವರಿನ ಓದುವ ಕನ್ನಡಕಗಳನ್ನು ಕೊಂಡು ಒಂದು ಪೆನ್ಸಿಲ್ ಡಬ್ಬಿಯಲ್ಲಿ ಹಾಕಿಟ್ಟುಕೊಂಡಳು. ಮೊದಲನೆಯವರು ಹಾಕಿಕೊಂಡು ತಾವೇ ಓದುತ್ತಿದ್ದರು. ಎರಡನೆಯವರು ಹಾಕಿಕೊಂಡು ನೋಡಿ, "ಇದ್ಯಾಕೋ ನಂಗೆ ಸರಿ ಹೋಗಾಕಿಲ್ಲ" ಎಂದು ಗಂಭೀರವಾಗಿ ವಾಪಸು ಕೊಡುತ್ತಿದ್ದರು. ಆಗ ಅವಳೇ ಓದುತ್ತಿದ್ದಳು. ಯಾರ ಮರ್ಯಾದೆಗೂ ಕುಂದಿಲ್ಲ.

ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕು. ಜಿಎಫ್‌ಆರ್ 12-ಎ ಎಂಬ ನಮೂನೆಯಲ್ಲಿ, ಕೊಟ್ಟ ಹಣವನ್ನು ಕೊಟ್ಟ ಉದ್ದೇಶಕ್ಕೇ ಬಳಸಲಾಗಿದೆ ಎಂಬ ಯು.ಸಿ., ಅಂದರೆ ಬಳಕೆಯ ಪ್ರಮಾಣಪತ್ರ, ಹೋಗಬೇಕು. ಹುಡುಗಿ ಓಚರುಗಳನ್ನೆಲ್ಲ ಹಾಳೆಗೆ ಅಂಟಿಸಿಕೊಂಡು ಫೈನಾನ್ಸ್ ಸೆಕ್ಷನ್ನಿಗೆ ಹೋದಳು. ನಾನೂ ಜೊತೆಗಿದ್ದೆ. ಕೇಸ್‌ವರ್ಕರ್ ಒಂದೊಂದೇ ತಿರುವಿ ಹಾಕುತ್ತ ಕನ್ನಡಕದ ಚೀಟಿಯ ಹತ್ತಿರ ನಿಂತರು.

"ಇದು ಯಾವ ಹೆಡ್ಡಮ್ಮ?"

"ಬಳಸಿ ಮುಗಿಯೋ ವಸ್ತು ಸರ್."

"ಕನ್ನಡಕ ಹೇಗಮ್ಮ ಬಳಸಿ ಮುಗಿಯುತ್ತೆ? ಇದು ಉಪಕರಣ. ಸ್ಟಾಕ್ ರಿಜಿಸ್ಟರಲ್ಲಿ ಎತ್ತಬೇಕು, ಪ್ರಾಜೆಕ್ಟ್ ಮುಗಿದ ಮೇಲೆ ಡಿಪಾರ್ಟ್‌ಮೆಂಟಿಗೆ ಒಪ್ಪಿಸಬೇಕು. ಎಲ್ಲಿ, ತೋರ್ಸಿ?"

ಹುಡುಗಿ ಪೆನ್ಸಿಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಎರಡೂವರೆ ಪವರಿನದು ಒಂದೇ ಒಂದಿತ್ತು.

"ಮಿಕ್ಕಿದ್ದು?"

"ಪೇಷೆಂಟ್‌ಗಳು ಹಾಕ್ಕೊಂಡು ಹೋಗ್ಬಿಟ್ರು ಸರ್. ಡಾಕ್ಟರ್ ಕೂಗಿದ್ರೆ ಹಂಗೇ ಎದ್ದು ಹೋಗ್ತಾರೆ."

"ನೀವು ವಾಪಸ್ ಕೇಳ್ಲಿಲ್ವಾ?"

"ಮಾತ್ರೆ ಚೀಟಿ ಓದ್ತಾ ಇದ್ರು ಸರ್."

ಅವರು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಆಮೇಲೆ 'ಉಪಕರಣ' ಎಂದು ಪೆನ್ಸಿಲಿನಲ್ಲಿ ಬರೆದದ್ದನ್ನು ರಬ್ಬರಿನಿಂದ ಒರೆಸಿ, "ಹಾಗಾದ್ರೆ ಕನ್ಸ್ಯೂಮಬಲ್ಸೇ ಸರಿ" ಎಂದು ಸೀಲು ಒತ್ತಿದರು.